ಫ್ಲೈವೀಲಿನ ತೂಕ, ಕೆಂಪು ಮಣ್ಣಿನ ಹಾದಿ

ಟು-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಂದು ಸಲ ಕಿಡಿ ಹಾರುತ್ತದೆ. ಕಿಡಿ ಹಾರಿದೊಡನೆ ಪೆಟ್ರೋಲು ಉರಿಯುತ್ತದೆ, ಪಿಸ್ಟನ್ ಕೆಳಕ್ಕೆ ನೂಕಿಸಿಕೊಳ್ಳುತ್ತದೆ. ಈ ನೂಕು ಇರುವುದು ಸುತ್ತಿನ ಕಾಲು ಭಾಗದಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಹೊಗೆ ಹೊರಗೆ ಹೋಗುವ ಕಿಂಡಿ ತೆರೆದುಕೊಳ್ಳುತ್ತದೆ, ಒತ್ತಡ ಇಳಿದುಹೋಗುತ್ತದೆ. ಉಳಿದ ಮುಕ್ಕಾಲು ಸುತ್ತಿನಲ್ಲಿ ಎಂಜಿನ್ ಏನನ್ನೂ ದುಡಿಯುವುದಿಲ್ಲ. ದುಡಿಯದಿರುವುದಷ್ಟೇ ಅಲ್ಲ, ಖರ್ಚನ್ನೂ ಮಾಡುತ್ತದೆ. ಪಿಸ್ಟನ್ ಮತ್ತೆ ಮೇಲೆ ಹೋಗಬೇಕು, ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಹಿಡಿಯಬೇಕು. ಒಂದೇ ಸಿಲಿಂಡರಿನ ಬೈಕಿನಲ್ಲಿ ಈ ಕೆಲಸಕ್ಕೆ ಬೇಕಾದ ಬಲವನ್ನು ಕೊಡುವುದು ಫ್ಲೈವೀಲ್.

ಫ್ಲೈವೀಲ್ ಎಂದರೆ ಕ್ರ್ಯಾಂಕಿನ ಜೊತೆಗೇ ತಿರುಗುವ ಭಾರದ ಚಕ್ರ. ಕುಂಬಾರರ ತಿಗರಿಯೂ ಇದೇ ಜಾತಿಯದು. ಕೋಲು ಕೊಟ್ಟು ಒಮ್ಮೆ ಜೋರಾಗಿ ತಿರುಗಿಸಿ ಬಿಟ್ಟರೆ, ಮಡಕೆ ಎದ್ದು ನಿಲ್ಲುವಷ್ಟು ಹೊತ್ತು ಅದು ತಾನೇ ತಿರುಗುತ್ತಿರುತ್ತದೆ. ಕೊಟ್ಟ ಶಕ್ತಿಯನ್ನು ಇಟ್ಟುಕೊಂಡು ಬೇಕಾದಾಗ ಬಿಟ್ಟುಕೊಡುವುದು, ಅಷ್ಟೇ ಅದರ ಕೆಲಸ. ಆ ಚಕ್ರದ ತೂಕ ಹೆಚ್ಚಿದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ? ಡಾಂಬರು ಇಲ್ಲದ ಹಾದಿಯಲ್ಲಿ, ಕೆಸರಿನಲ್ಲಿ, ಜಲ್ಲಿಯಲ್ಲಿ ಓಡುವ ಬೈಕಿಗೆ ಅದರಿಂದ ಲಾಭವೋ ನಷ್ಟವೋ? ಈ ಭಾಷಣದ ವಿಷಯ ಇದೇ.

ಬೈಕಿನಲ್ಲಿ ಈ ತೂಕ ಎರಡು ಕಡೆ ಇರುತ್ತದೆ. ಒಂದು, ಎಂಜಿನ್ನಿನ ಹೊಟ್ಟೆಯೊಳಗೆ. ಕನೆಕ್ಟಿಂಗ್ ರಾಡ್‌ನ ಎರಡು ಪಕ್ಕದಲ್ಲಿ ರೊಟ್ಟಿಯಾಕಾರದ ಎರಡು ದಪ್ಪ ಉಕ್ಕಿನ ಬಿಲ್ಲೆಗಳಿರುತ್ತವೆ. ಇನ್ನೊಂದು, ಕ್ರ್ಯಾಂಕಿನ ತುದಿಯಲ್ಲಿ. ಎಡಗಡೆಯ ಕವರ್ ಬಿಚ್ಚಿದರೆ ಬಹುತೇಕ ಬೈಕುಗಳಲ್ಲಿ ಬಟ್ಟಲಿನಂಥ ಒಂದು ಚಕ್ರ ಕಾಣುತ್ತದೆ. ಅದರ ಒಳಗೋಡೆಯಲ್ಲಿ ಅಯಸ್ಕಾಂತಗಳು, ನಡುವೆ ತಂತಿಯ ಕಾಯಿಲ್‌ಗಳು. ಗ್ಯಾರೇಜಿನವರು ಇದನ್ನು ಬರೀ ಮ್ಯಾಗ್ನೆಟ್ ಎನ್ನುತ್ತಾರೆ. ಕರೆಂಟು ಹುಟ್ಟಿಸುವುದು ಅದರ ಒಂದು ಕೆಲಸ, ಫ್ಲೈವೀಲ್ ಆಗಿರುವುದು ಇನ್ನೊಂದು. ಒಳಗಿನ ಬಿಲ್ಲೆಗಳನ್ನು ಮುಟ್ಟಬೇಕಾದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಮ್ಯಾಗ್ನೆಟ್ ಹಾಗಲ್ಲ, ನಾಲ್ಕಾರು ಸ್ಕ್ರೂ ತೆಗೆದರೆ ಕೈಗೆ ಸಿಗುತ್ತದೆ. ಆದ್ದರಿಂದ ತೂಕ ಬದಲಿಸುವವರು ಮೊದಲು ಕೈ ಹಾಕುವುದು ಅದಕ್ಕೇ.

ಹೀಗೆ ಫ್ಲೈವೀಲ್ ಎಲ್ಲಿದೆ ಎಂಬುದು ಗೊತ್ತಾಯಿತು. ಈಗ ತೂಕದ ವಿಚಾರ. ಇಲ್ಲಿ ತಕ್ಕಡಿಯ ತೂಕವೊಂದೇ ಲೆಕ್ಕವಲ್ಲ. ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೇ ಹೆಚ್ಚಿನ ಲೆಕ್ಕ. ಕಾಲು ಕಿಲೋ ಕಬ್ಬಿಣದ ಬಳೆಯನ್ನು ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿ ಕೂರಿಸಿದರೆ ಒಂದು ಪರಿಣಾಮ. ಅದೇ ಕಾಲು ಕಿಲೋವನ್ನು ಎರಡೂವರೆ ಸೆಂಟಿಮೀಟರ್ ದೂರಕ್ಕೆ ತಂದರೆ ಪರಿಣಾಮ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಇಮ್ಮಡಿಯಾದರೆ ಪರಿಣಾಮ ನಾಲ್ಕು ಮಡಿ. ಆದ್ದರಿಂದ ಒಬ್ಬರ ಬೈಕಿನ ಮ್ಯಾಗ್ನೆಟ್ ಎಷ್ಟು ಗ್ರಾಂ ತೂಗುತ್ತದೆ ಎಂದು ಕೇಳಿ ಇನ್ನೊಂದು ಬೈಕಿಗೆ ಲೆಕ್ಕ ಹಾಕುವುದು ಸರಿಯಲ್ಲ. ಅಗಲವನ್ನೂ ಕೇಳಬೇಕು.

ವೇಗಕ್ಕೂ ಇದೇ ನಿಯಮ. ಸುತ್ತು ಇಮ್ಮಡಿಯಾದರೆ ಫ್ಲೈವೀಲಿನಲ್ಲಿ ಶೇಖರವಾಗುವ ಶಕ್ತಿ ನಾಲ್ಕು ಮಡಿ. ಕೇಳುಗರ ಅಂದಾಜಿಗೆ ಒಂದು ಉದಾಹರಣೆ. 250 ಸಿಸಿಯ, ಮಣ್ಣಿನ ಹಾದಿಗೆಂದೇ ಮಾಡಿದ ಒಂದು ಸಾಧಾರಣ ಟು-ಸ್ಟ್ರೋಕ್ ಎಂಜಿನ್ನನ್ನು ತೆಗೆದುಕೊಳ್ಳೋಣ. ನಿಮಿಷಕ್ಕೆ 1,000 ಸುತ್ತಿನಲ್ಲಿ ಅದರ ತಿರುಗುವ ಭಾಗಗಳಲ್ಲಿ ಇರುವ ಶಕ್ತಿ ಮೂರು ಕಿಲೋ ತೂಕವನ್ನು ಒಂದು ಮೀಟರ್ ಎತ್ತಲು ಸಾಲುವಷ್ಟು. 3,000 ಸುತ್ತಿನಲ್ಲಿ 25 ಕಿಲೋ ಎತ್ತುವಷ್ಟು. 6,000 ಸುತ್ತಿನಲ್ಲಿ ಒಂದು ಕ್ವಿಂಟಾಲ್ ಮೂಟೆಯನ್ನು ಅಷ್ಟೇ ಎತ್ತರಕ್ಕೆ ಎತ್ತುವಷ್ಟು. ಇವು ದುಂಡು ಲೆಕ್ಕಗಳು. ಆದರೆ ಮುಂದಿನ ಮಾತೆಲ್ಲ ಇವುಗಳ ಮೇಲೆಯೇ ನಿಂತಿದೆ.

ಕಡಿಮೆ ಸುತ್ತಿನಲ್ಲಿ ಎಂಜಿನ್ ಆಫ್ ಆಗುವುದು ಏಕೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. 1,000 ಸುತ್ತಿನಲ್ಲಿ ಇರುವ ಶೇಖರ ಬಹಳ ಸಣ್ಣದು. ಪಿಸ್ಟನ್ ಒಂದು ಸಲ ಮಿಶ್ರಣವನ್ನು ಒತ್ತಲು ತಗಲುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಕಲ್ಲಿಗೆ ಚಕ್ರ ತಾಗಿತು, ಅಥವಾ ತಿರುವಿನಲ್ಲಿ ಹಿಂದಿನ ಬ್ರೇಕ್ ಸ್ವಲ್ಪ ಜಾಸ್ತಿ ಬಿತ್ತು ಎನ್ನಿ. ಶೇಖರ ಅಲ್ಲಿಗೇ ಮುಗಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಟು-ಸ್ಟ್ರೋಕಿಗೆ ಇನ್ನೂ ಒಂದು ಚಾಳಿ ಇದೆ. ನಿಧಾನವಾಗಿ ಓಡುವಾಗ ಹಳೆಯ ಹೊಗೆ ಪೂರ್ತಿ ಹೊರಗೆ ಹೋಗುವುದಿಲ್ಲ. ಹೊಸ ಮಿಶ್ರಣದಲ್ಲಿ ಅದು ಬೆರೆತು, ಕಿಡಿ ಹಾರಿದರೂ ಒಂದು ಸುತ್ತು ಬಿಟ್ಟು ಒಂದು ಸುತ್ತು ಉರಿಯುತ್ತದೆ. ಹಳೆಯ ಬೈಕು ನಿಂತಲ್ಲಿ ತಡೆತಡೆದು ಗುಡುಗುಡು ಎನ್ನುವ ಸದ್ದು ಕೇಳುಗರಿಗೆ ಪರಿಚಿತ. ಅದರ ಕಾರಣ ಇದು. ಉರಿಯದ ಆ ಸುತ್ತನ್ನು ದಾಟಿಸುವ ಹೊರೆ ಫ್ಲೈವೀಲಿನ ಮೇಲೆಯೇ ಬೀಳುತ್ತದೆ. ಭಾರದ ಫ್ಲೈವೀಲ್ ದಾಟಿಸುತ್ತದೆ, ಹಗುರದ್ದು ಕೈ ಚೆಲ್ಲುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಶೇಖರದ ಮಾತು. ಈಗ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಭಾರದ ಫ್ಲೈವೀಲ್ ಹಾಕಿದರೆ ಎಂಜಿನ್ನಿಗೆ ಎಳೆತ ಹೆಚ್ಚುತ್ತದೆ, ಹಗುರ ಮಾಡಿದರೆ ಪವರ್ ಹೆಚ್ಚುತ್ತದೆ ಎಂದು ಅನೇಕರು ನಂಬಿದ್ದಾರೆ. ಎರಡೂ ನಿಜವಲ್ಲ. ಫ್ಲೈವೀಲ್ ಒಂದು ಹನಿ ಪೆಟ್ರೋಲನ್ನೂ ಹೆಚ್ಚಾಗಿ ಉರಿಸುವುದಿಲ್ಲ. ಸುತ್ತು ಏರದೆ ಇಳಿಯದೆ ಒಂದೇ ಸಮನೆ ಓಡುತ್ತಿರುವ ಎಂಜಿನ್ನನ್ನು ಅಳೆದರೆ, ಫ್ಲೈವೀಲ್ ಒಂದು ಕಿಲೋ ಇರಲಿ, ಎರಡು ಕಿಲೋ ಇರಲಿ, ಪವರ್ ಅಷ್ಟೇ. ವ್ಯತ್ಯಾಸ ಕಾಣುವುದು ಸುತ್ತು ಏರುವಾಗ ಮತ್ತು ಇಳಿಯುವಾಗ ಮಾತ್ರ. ಏರುವಾಗ ಫ್ಲೈವೀಲ್ ಒಂದಿಷ್ಟು ಶಕ್ತಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನೇ ಹಿಂದಕ್ಕೆ ಕೊಡುತ್ತದೆ. ಡ್ರಮ್ಮನ್ನು ತಿರುಗಿಸಿ ಪವರ್ ಅಳೆಯುವ ಡೈನೋ ಯಂತ್ರಗಳಲ್ಲಿ ಹಗುರ ಫ್ಲೈವೀಲಿನ ಬೈಕು ಒಂದಿಷ್ಟು ಹೆಚ್ಚು ಪವರ್ ತೋರಿಸುವುದುಂಟು. ಆ ಯಂತ್ರ ಅಳೆಯುವುದೇ ಸುತ್ತು ಏರುವ ಬಿರುಸನ್ನು. ಆ ಕಾಗದವನ್ನು ಗೋಡೆಗೆ ಅಂಟಿಸಿಕೊಂಡು ಬೀಗುವವರಿಗೆ ಇದು ಹಿಡಿಸದ ಮಾತು, ಆದರೆ ಸತ್ಯ.

ಅಂದಮೇಲೆ ಫ್ಲೈವೀಲಿನ ತೂಕ ಬದಲಿಸುವುದು ಪವರನ್ನಲ್ಲ, ಪವರ್ ಟೈರಿಗೆ ಮುಟ್ಟುವ ಗತಿಯನ್ನು. ಮಣ್ಣಿನ ಹಾದಿಯಲ್ಲಿ ಇದು ದೊಡ್ಡ ವಿಷಯ. ಏಕೆಂದರೆ ಟು-ಸ್ಟ್ರೋಕ್ ಎಂಜಿನ್ನಿನ ಪವರ್ ಸಮನಾಗಿ ಬರುವುದಿಲ್ಲ. ಹೊಟ್ಟೆ ಉಬ್ಬಿದ ಆಕಾರದ ಸೈಲೆನ್ಸರ್ ಇರುವ ಬೈಕುಗಳಲ್ಲಂತೂ ಸುತ್ತು ಒಂದು ಮಟ್ಟಕ್ಕೆ ಏರುವವರೆಗೆ ಸುಮ್ಮನಿದ್ದು, ಅಲ್ಲಿಂದ ಥಟ್ಟನೆ ಎದ್ದು ಬರುತ್ತದೆ. ಆ ಎದ್ದುಬರುವ ಗಳಿಗೆಯಲ್ಲಿ ಹಗುರ ಫ್ಲೈವೀಲಿನ ಎಂಜಿನ್ ಕಣ್ಣು ಮಿಟುಕಿಸುವುದರೊಳಗೆ ಮೇಲಿನ ಸುತ್ತಿಗೆ ಹೋಗಿರುತ್ತದೆ. ಭಾರದ್ದಾದರೆ ಸವಾರರ ಕೈಗೆ ಒಂದಿಷ್ಟು ಸಮಯ ಕೊಡುತ್ತದೆ.

ಈ ಸಮಯ ಎಷ್ಟು ಎಂಬುದು ಗೇರಿನ ಮೇಲೆ ನಿಂತಿದೆ. ಬಹಳ ಜನ ಗಮನಿಸದ ಸಂಗತಿ ಇದು, ಆದ್ದರಿಂದ ನಿಧಾನವಾಗಿ ನೋಡೋಣ. ಹಿಂದೆ ಹೇಳಿದ 250 ಸಿಸಿ ಬೈಕನ್ನೇ ತೆಗೆದುಕೊಳ್ಳಿ. ಬೈಕು ಮತ್ತು ಸವಾರರ ತೂಕ ಸೇರಿ 170 ಕಿಲೋ. ಒಂದನೇ ಗೇರಿನಲ್ಲಿ ಎಂಜಿನ್ 3,000 ಸುತ್ತು ತಿರುಗುವಾಗ ಬೈಕು ಗಂಟೆಗೆ 10 ಕಿಲೋಮೀಟರ್ ಹೋಗುತ್ತದೆ ಎನ್ನೋಣ. ಆಗ ಫ್ಲೈವೀಲಿನ ವೇಗವನ್ನು ಏರಿಸುವ ಕೆಲಸ, ಬೈಕಿನ ಮೇಲೆ ಇನ್ನೂ 60 ಕಿಲೋ ಹೇರಿದ್ದಕ್ಕೆ ಸಮ. ಒಬ್ಬ ಆಳನ್ನೇ ಹಿಂದೆ ಕೂರಿಸಿಕೊಂಡಂತಾಯಿತು. ಐದನೇ ಗೇರಿನಲ್ಲಿ ಅದೇ 3,000 ಸುತ್ತಿಗೆ ಬೈಕು 30 ಕಿಲೋಮೀಟರ್ ಹೋಗುತ್ತದೆ. ಈಗ ಫ್ಲೈವೀಲಿನ ಹೊರೆ 60 ಕಿಲೋ ಅಲ್ಲ, ಏಳು ಕಿಲೋ. ವೇಗ ಮೂರು ಪಟ್ಟಾದರೆ ಹೊರೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಈ ಬೈಕಿನ ಮ್ಯಾಗ್ನೆಟ್ಟಿಗೆ ಕಾಲು ಕಿಲೋದ ಬಳೆ ಹಾಕಿದರೆ ಒಂದನೇ ಗೇರಿನಲ್ಲಿ ಎಂಟು ಕಿಲೋ ಹೊರೆ ಹೆಚ್ಚಿದಂತೆ. ಐದನೇ ಗೇರಿನಲ್ಲಿ ಒಂದು ಕಿಲೋ ಕೂಡ ಇಲ್ಲ. ಅಗಲವಾದ ನೇರ ಹಾದಿಯಲ್ಲಿ ಮೇಲಿನ ಗೇರಿನಲ್ಲಿ ಓಡಿಸುವವರಿಗೆ ಬಳೆ ಹಾಕಿದ್ದು ಗೊತ್ತೇ ಆಗದಿರುವುದು ಇದಕ್ಕಾಗಿ. ಒಂದು, ಎರಡನೇ ಗೇರಿನಲ್ಲಿ ಕಲ್ಲುಬಂಡೆಗಳ ನಡುವೆ ತೆವಳುವವರಿಗೆ ಮೊದಲ ಹತ್ತು ಮಾರಿನಲ್ಲೇ ಗೊತ್ತಾಗುತ್ತದೆ.

ಇದುವರೆಗಿನ ಲೆಕ್ಕ ಟೈರು ನೆಲವನ್ನು ಕಚ್ಚಿಕೊಂಡಿರುವಾಗಿನದು. ಟೈರು ಜಾರಿದಾಗ ಕಥೆಯೇ ಬೇರೆ. ಬೆಂಗಳೂರಿನ ಮೂಡಣಕ್ಕಿರುವ ವರ್ತೂರಿನ ಸುತ್ತಿನ ನೆಲ ಈ ವಿಷಯಕ್ಕೆ ಒಳ್ಳೆಯ ಪಾಠಶಾಲೆ. ವರ್ತೂರು ಕೋಡಿಯಿಂದ ಗುಂಜೂರಿನ ಕಡೆಗೆ, ಅಲ್ಲಿಂದ ದೊಮ್ಮಸಂದ್ರ, ಸರ್ಜಾಪುರದ ಕಡೆಗೆ ಹೋದಂತೆ ಮುಖ್ಯರಸ್ತೆಯ ಪಕ್ಕದಲ್ಲಿ ಡಾಂಬರು ಕಾಣದ ಹಾದಿಗಳು ಇನ್ನೂ ಉಳಿದಿವೆ. ಬೇಸಿಗೆಯಲ್ಲಿ ಈ ಕೆಂಪು ಮಣ್ಣು ಕಲ್ಲಿನಂತೆ ಗಟ್ಟಿ, ಅದರ ಮೇಲೆ ಸಣ್ಣ ನೊರಜು ಹರಡಿರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಮೇಲಿನ ಒಂದು ಅಂಗುಲ ಲೋಳೆಯಾಗುತ್ತದೆ, ಅಡಿ ಗಟ್ಟಿಯಾಗಿಯೇ ಇರುತ್ತದೆ. ಕಟ್ಟಡದ ಸಾಮಾನು ಹೊರುವ ಟಿಪ್ಪರ್ ಲಾರಿಗಳು ಓಡಾಡಿದಲ್ಲಿ ಮೊಣಕಾಲುದ್ದದ ಗಾಲಿಜಾಡು. ಕೆರೆಯಂಚಿಗೆ ಇಳಿದರೆ ಕಪ್ಪು ಹೂಳು, ಅದು ಟೈರಿನ ಹಲ್ಲುಗಳನ್ನು ಮೆತ್ತಿ ಮುಚ್ಚಿಬಿಡುತ್ತದೆ.

ಇಂಥ ನೆಲದಲ್ಲಿ ಹಿಂದಿನ ಟೈರು ಒಮ್ಮೆ ಜಾರಿತೆಂದರೆ, ಬೈಕಿನ 170 ಕಿಲೋ ಲೆಕ್ಕದಿಂದ ಹೊರಗೆ ಹೋಯಿತು. ಎಂಜಿನ್ ಈಗ ತಳ್ಳುತ್ತಿರುವುದು ಬೈಕನ್ನಲ್ಲ. ತಿರುಗಿಸುತ್ತಿರುವುದು ಎರಡನ್ನೇ: ಹಿಂದಿನ ಚಕ್ರವನ್ನು ಮತ್ತು ತನ್ನದೇ ಫ್ಲೈವೀಲನ್ನು. ಒಂದನೇ ಗೇರಿನಲ್ಲಿ ಈ ಎರಡರಲ್ಲಿ ಚಕ್ರದ ಪಾಲು ಬಹಳ ಸಣ್ಣದು. ಗೇರಿನ ಲೆಕ್ಕ ಸೇರಿಸಿದರೆ ಫ್ಲೈವೀಲಿನ ಪಾಲು ಅದರ ಹತ್ತು ಪಟ್ಟು. ಅಂದರೆ ಟೈರು ಜಾರಿದ ಕ್ಷಣದಲ್ಲಿ ಎಂಜಿನ್ನಿನ ಓಟವನ್ನು ಹಿಡಿದಿಡುವುದು ಫ್ಲೈವೀಲ್ ಒಂದೇ. ಟೈರು ಕಚ್ಚಿಕೊಂಡಿರುವಾಗ ನೂರಕ್ಕೆ ಮೂರೋ ನಾಲ್ಕೋ ಪಾಲು ಮಾತ್ರ ನಿಧಾನ ಮಾಡುವ ಬಳೆ, ಟೈರು ಜಾರುವಾಗ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ನಿಧಾನ ಮಾಡುತ್ತದೆ. ಪವರ್ ಕಡಿಮೆಯಾಗಲಿಲ್ಲ, ಆದರೆ ಟೈರು ಸುಮ್ಮನೆ ಗಿರಗಿರ ತಿರುಗುವುದು ಕಡಿಮೆಯಾಯಿತು. ಭಾರದ ಫ್ಲೈವೀಲಿನ ಬೈಕು ಕೆಸರು ದಿಬ್ಬವನ್ನು ಸದ್ದಿಲ್ಲದೆ ಏರಿಹೋಗುತ್ತದೆ, ಪಕ್ಕದ ಹಗುರ ಬೈಕು ಕಿರುಚುತ್ತ ಅಲ್ಲೇ ಗುಂಡಿ ತೋಡುತ್ತದೆ. ಎಳೆತ ಹೆಚ್ಚಿತು ಎಂಬ ಭ್ರಮೆ ಹುಟ್ಟುವುದು ಇಲ್ಲೇ.

ಹಾಗಾದರೆ ಭಾರವೇ ಒಳ್ಳೆಯದೆ? ಅದಕ್ಕೂ ಇನ್ನೊಂದು ಮುಖವಿದೆ. ಭಾರದ ಫ್ಲೈವೀಲಿನಿಂದ ಟೈರು ಜಾರಲು ತಡಮಾಡುವಂತೆ, ಜಾರಿದ ಮೇಲೆ ನಿಲ್ಲಲೂ ತಡಮಾಡುತ್ತದೆ. ಸವಾರರು ಆಕ್ಸಿಲರೇಟರ್ ಬಿಟ್ಟರೂ ಚಕ್ರ ಇನ್ನೊಂದೆರಡು ಸುತ್ತು ತಿರುಗಿ ಲೋಳೆಯನ್ನು ಕೆದಕುತ್ತದೆ. ಕ್ಲಚ್ ಹಿಡಿಯದಿದ್ದರೆ ಬೈಕು ಅಡ್ಡಾಗುತ್ತದೆ. ಇಳಿಜಾರಿನಲ್ಲಿ ಇನ್ನೂ ಫಜೀತಿ. ಟು-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವುದೇ ಅಪರೂಪ. ಫ್ಲೈವೀಲ್ ಭಾರವಾದರೆ ಬೈಕು ಹಿಂದಿನಿಂದ ನೂಕಿದಂತೆ ಮುಂದೆ ಹೋಗುತ್ತದೆ. ಗೇರ್ ಏರಿಸುವಾಗ ಸುತ್ತು ಬೇಗ ಇಳಿಯುವುದಿಲ್ಲ, ಆದ್ದರಿಂದ ಪ್ರತಿ ಗೇರಿಗೂ ಒಂದು ಜಗ್ಗು. ಹಾರಿ ಇಳಿದು ಮರುಕ್ಷಣವೇ ಇನ್ನೊಂದು ದಿಬ್ಬ ಹಾರಬೇಕಾದ ಮೋಟೋಕ್ರಾಸ್ ಸ್ಪರ್ಧೆಯಲ್ಲಿ ಈ ಸೋಮಾರಿತನಕ್ಕೆ ಜಾಗವಿಲ್ಲ. ಅಲ್ಲಿ ಸವಾರರು ಕೈ ತಿರುಗಿಸಿದ ಕ್ಷಣಕ್ಕೆ ಎಂಜಿನ್ ಏಳಬೇಕು.

ಭಾರ, ಹಗುರ ಎರಡರ ಗುಣದೋಷ ಮುಗಿಯಿತು. ಕರ್ನಾಟಕದ ಕೇಳುಗರು ಇವೆರಡನ್ನೂ ಕಿವಿಯಾರೆ ಕೇಳಿಯೇ ಇರುತ್ತಾರೆ. ಒಂದು ಬೈಕು ಮೈಸೂರಿನದು. ಯಾದವಗಿರಿಯಲ್ಲಿ ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಅಂದಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. ಝೆಕ್ ದೇಶದ ಜಾವಾ ಮೊದಲು ಅದೇ ಹೆಸರಿನಲ್ಲಿ, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಅಲ್ಲಿಂದ ಹೊರಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇನ್ನೊಂದು ಬೈಕು ಯಮಾಹಾ ಆರ್‌ಎಕ್ಸ್ 100. 1985ರಲ್ಲಿ ಬಂದು ಅದೂ 1996ಕ್ಕೇ ನಿಂತಿತು.

ಜಾವಾ 250ರಲ್ಲಿ ಪಿಸ್ಟನ್ನಿನ ಅಗಲ 65 ಮಿಲಿಮೀಟರ್, ಅದು ಮೇಲೆ ಕೆಳಗೆ ಓಡಾಡುವ ದೂರ 75 ಮಿಲಿಮೀಟರ್. ಆರ್‌ಎಕ್ಸ್ 100ರಲ್ಲಿ ಎರಡೂ 50. ಪಿಸ್ಟನ್ ಓಡಾಡುವ ದೂರ ಹೆಚ್ಚಿದ್ದರೆ ಕ್ರ್ಯಾಂಕಿನ ಬಿಲ್ಲೆಗಳೂ ದೊಡ್ಡದಾಗಲೇಬೇಕು. 50ಕ್ಕೂ 75ಕ್ಕೂ ಒಂದೂವರೆ ಪಟ್ಟು ವ್ಯತ್ಯಾಸ. ಬಿಲ್ಲೆಯ ಅಗಲ ಒಂದೂವರೆ ಪಟ್ಟಾಗಿ ದಪ್ಪ ಅಷ್ಟೇ ಇದ್ದರೆ, ಫ್ಲೈವೀಲಿನ ಪರಿಣಾಮ ಐದು ಪಟ್ಟು ಏರುತ್ತದೆ ಎಂಬುದು ಜ್ಯಾಮಿತಿಯ ಲೆಕ್ಕ. ಅದರ ಮೇಲೆ ಜಾವಾದಲ್ಲಿ ಡೈನಮೋದ ತಿರುಗುವ ಭಾಗವೂ ಕ್ರ್ಯಾಂಕಿನ ತುದಿಯಲ್ಲೇ ಕೂತಿತ್ತು. ಮೈಸೂರು ಬೈಕು ಸಂತೆಗೆ ಹೊರಟ ಗಂಡಹೆಂಡಿರನ್ನೂ ಮೂಟೆಯನ್ನೂ ಹೊತ್ತು, ಗೇರ್ ಇಳಿಸದೆ ಏರು ಹತ್ತುತ್ತಿತ್ತು ಎಂದು ಹಳಬರು ಹೇಳುವುದರಲ್ಲಿ ಅರ್ಧ ಅಭಿಮಾನ, ಅರ್ಧ ಈ ಲೆಕ್ಕ. ಅದರ ಪವರ್ ಕೂಡ 5,000 ಸುತ್ತಿನ ಆಸುಪಾಸಿನಲ್ಲೇ ಮುಗಿಯುತ್ತಿತ್ತು, ಅವಸರಪಡುವ ಅಗತ್ಯವೇ ಇರಲಿಲ್ಲ. ಆರ್‌ಎಕ್ಸ್ 100ರ 11 ಕುದುರೆಶಕ್ತಿ ಸಿಗುವುದು 7,500 ಸುತ್ತಿನಲ್ಲಿ. ಹಗುರ ಬಿಲ್ಲೆ, ಹಗುರ ಬೈಕು, ಕೈ ತಿರುಗಿಸಿದರೆ ಮುಂದಿನ ಚಕ್ರ ಏಳುತ್ತದೆ. ಹುಡುಗರು ಪಿಕಪ್ ಎಂದು ಕೊಂಡಾಡುವುದು ಇದನ್ನೇ.

ಮಣ್ಣಿನ ಹಾದಿಯಲ್ಲಿ ಈ ಎರಡು ಬೈಕುಗಳ ಸ್ವಭಾವ ತಲೆಕೆಳಗಾಗುವುದೂ ಉಂಟು. ತೂಕದ ಯೆಜ್ಡಿ ಗಾಲಿಜಾಡಿನಲ್ಲಿ ಸಿಕ್ಕಿಕೊಂಡರೆ ಎತ್ತಿ ಈಚೆಗಿಡಲು ಇಬ್ಬರು ಬೇಕು. ಆರ್‌ಎಕ್ಸನ್ನು ಒಬ್ಬರೇ ಎತ್ತಬಹುದು. ಹೀಗಾಗಿ ಫ್ಲೈವೀಲ್ ಭಾರವಿರಬೇಕು, ಬೈಕು ಹಗುರವಿರಬೇಕು ಎಂಬ ಆಸೆ ಸವಾರರಲ್ಲಿ ಸಹಜವಾಗಿ ಹುಟ್ಟಿತು. ಹೊರದೇಶಗಳಲ್ಲಿ ಟ್ರಯಲ್ಸ್ ಎಂಬ ಕ್ರೀಡೆಯಲ್ಲಿ ಈ ಆಸೆ ಕೈಗೂಡಿತು. ಅದು ವೇಗದ ಸ್ಪರ್ಧೆಯಲ್ಲ. ಬಂಡೆ, ಹಳ್ಳ, ಬೇರುಗಳ ಮೇಲೆ ಕಾಲು ಊರದೆ ಬೈಕು ದಾಟಿಸುವ ಪಂದ್ಯ. ಬಹಳ ಕಾಲ ಅಲ್ಲಿ ಭಾರದ ಫ್ಲೈವೀಲಿನ ಬ್ರಿಟಿಷ್ ಫೋರ್-ಸ್ಟ್ರೋಕ್ ಬೈಕುಗಳದೇ ರಾಜ್ಯಭಾರ. ಸ್ಯಾಮಿ ಮಿಲ್ಲರ್ ಎಂಬ ಸವಾರ 500 ಸಿಸಿಯ ಏರಿಯಲ್ ಬಿಟ್ಟು ಸ್ಪೇನ್ ದೇಶದ ಬುಲ್ಟಾಕೋ ಕಂಪನಿಯ ಟು-ಸ್ಟ್ರೋಕ್ ಶೆರ್ಪಾ ಏರಿದರು. 1965ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸನ್ನು ಅದರಲ್ಲೇ ಗೆದ್ದರು. ಆ ಪಂದ್ಯವನ್ನು ಟು-ಸ್ಟ್ರೋಕ್ ಗೆದ್ದದ್ದು ಅದೇ ಮೊದಲು. ಅಲ್ಲಿಂದ ಮುಂದೆ ಟ್ರಯಲ್ಸ್ ಬೈಕು ಎಂದರೆ ಹಗುರ ಮೈ, ಭಾರದ ಫ್ಲೈವೀಲ್ ಎಂಬುದು ರೂಢಿಯಾಯಿತು. ಮೋಟೋಕ್ರಾಸ್ ಎದುರು ದಿಕ್ಕಿಗೆ ನಡೆಯಿತು. ಜಾವಾದ ಸೋದರ ಕಂಪನಿ ಸಿಝಡ್‌ನ ಬೈಕಿನಲ್ಲಿ ಬೆಲ್ಜಿಯಂನ ಜೋಯಲ್ ರಾಬರ್ಟ್ 1964ರಲ್ಲಿ 250 ಸಿಸಿ ವಿಶ್ವಪಟ್ಟ ಗೆದ್ದರು. ಅಲ್ಲಿಂದೀಚೆಗೆ ಮೋಟೋಕ್ರಾಸ್ ಎಂಜಿನ್ನುಗಳ ಸುತ್ತು ಏರುತ್ತಲೇ ಹೋಯಿತು, ಫ್ಲೈವೀಲ್ ಕಿರಿದಾಗುತ್ತಲೇ ಬಂತು. ಕಾಡುಹಾದಿಯ ಎಂಡ್ಯೂರೋ ಬೈಕುಗಳು ಇವೆರಡರ ನಡುವಿನವು. ಅವುಗಳಿಗೆ ದೀಪವೂ ಉರಿಯಬೇಕಾದ್ದರಿಂದ ಮ್ಯಾಗ್ನೆಟ್ಟೂ ದೊಡ್ಡದು.

ಇಷ್ಟು ಹಿನ್ನೆಲೆ. ಈಗ ತೂಕವನ್ನು ಬದಲಿಸುವ ಬಗೆ. ಹೆಚ್ಚಿಸುವುದು ಸುಲಭ. ಮ್ಯಾಗ್ನೆಟ್ಟಿನ ಅಂಚಿಗೆ ಅಥವಾ ಮುಖಕ್ಕೆ ಉಕ್ಕಿನ ಬಳೆಯನ್ನು ಬೋಲ್ಟಿನಿಂದ ಕೂರಿಸುತ್ತಾರೆ. ಸಿದ್ಧ ಬಳೆಗಳು 100 ಗ್ರಾಮಿನಿಂದ ಅರ್ಧ ಕಿಲೋದವರೆಗೆ ಇರುತ್ತವೆ. ಹಳೆಯ ಬೈಕುಗಳಿಗೆ ಸಿದ್ಧ ಬಳೆ ಸಿಗದಿದ್ದರೆ ಲೇತ್‌ನವರ ಬಳಿ ಹೋಗಬೇಕು. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಇದು ಅರ್ಧ ದಿನದ ಕೆಲಸವೂ ಅಲ್ಲ. ಆದರೆ ಬಳೆ ನಡುವಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ 7,000 ಸುತ್ತಿನಲ್ಲಿ ಹ್ಯಾಂಡಲ್ ಜುಮುಗುಡುತ್ತದೆ. ತಿರುಗಿಸಿ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಯಂತ್ರ ಇರುವಲ್ಲಿಯೇ ಈ ಕೆಲಸ ಮಾಡಿಸುವುದು ಒಳ್ಳೆಯದು. ಬಳೆಯನ್ನು ವೆಲ್ಡ್ ಮಾಡಿಸುವ ಯೋಚನೆ ಬೇಡ. ಆ ಕಾವಿಗೆ ಅಯಸ್ಕಾಂತ ಬಿರುಕು ಬಿಡುತ್ತದೆ, ಇಲ್ಲವೇ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ಕಿಡಿಯೇ ಹಾರುವುದಿಲ್ಲ.

ಭಾರ ಹೆಚ್ಚಿಸಿದರೆ ಅದನ್ನು ಹೊರುವ ಭಾಗಗಳ ಚಿಂತೆಯೂ ಹೆಚ್ಚುತ್ತದೆ. ಮ್ಯಾಗ್ನೆಟ್ಟು ಕ್ರ್ಯಾಂಕಿನ ತುದಿಗೆ ನೇತುಬಿದ್ದಂತೆ ಇರುತ್ತದೆ. ಅದರ ಪಕ್ಕದ ಬೇರಿಂಗ್ ಸವೆದಿದ್ದರೆ ಹೊಸ ತೂಕ ಅದನ್ನು ಇನ್ನೂ ಅಲ್ಲಾಡಿಸುತ್ತದೆ. ಬೇರಿಂಗ್ ಅಲ್ಲಾಡಿದರೆ ಪಕ್ಕದ ಆಯಿಲ್ ಸೀಲ್ ಹರಿಯುತ್ತದೆ. ಸೀಲ್ ಹರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಪೆಟ್ರೋಲು, ಆಯಿಲ್ ಎರಡರ ಪಾಲೂ ಕಡಿಮೆಯಾಗುತ್ತದೆ. ಕೊನೆಗೆ ಪಿಸ್ಟನ್ ಸೀಜ್. ಫ್ಲೈವೀಲಿಗೆ ಕೈ ಹಾಕಿದವರು ಬೋರ್ ಮಾಡಿಸಿಕೊಂಡು ಬರುವುದು ಹೀಗೆ. ಅದಕ್ಕಾಗಿ ಬಳೆಗೆ ಮೊದಲು ಬೇರಿಂಗ್ ಮತ್ತು ಸೀಲಿನ ಪರೀಕ್ಷೆ.

ಹಗುರ ಮಾಡುವುದು ಇದಕ್ಕಿಂತ ನಾಜೂಕಿನ ಕೆಲಸ. ಮ್ಯಾಗ್ನೆಟ್ಟಿನ ಹೊರಮೈಯನ್ನು ಲೇತಿನಲ್ಲಿ ಕೊರೆದು ತೆಳು ಮಾಡುವವರಿದ್ದಾರೆ. ಆ ಹೊರಮೈಯೇ ಒಳಗಿನ ಅಯಸ್ಕಾಂತಗಳನ್ನು ಹಿಡಿದಿರುವ ಗೋಡೆ. 8,000 ಸುತ್ತಿನಲ್ಲಿ ಆ ಗೋಡೆ ಒಡೆದರೆ ತುಂಡುಗಳು ಕವರನ್ನು ಸೀಳಿಕೊಂಡು ಸವಾರರ ಕಾಲಿಗೆ ಬರುತ್ತವೆ. ಎರಕದ ಕಬ್ಬಿಣದ ಹಳೆಯ ಮ್ಯಾಗ್ನೆಟ್ಟುಗಳನ್ನಂತೂ ಮುಟ್ಟಲೇಬಾರದು. ಇನ್ನು ಕೆಲವರು ಒಳಗಿನ ಬಿಲ್ಲೆಗಳಿಗೆ ತೂತು ಕೊರೆಸುತ್ತಾರೆ. ಟು-ಸ್ಟ್ರೋಕಿನಲ್ಲಿ ಇದಕ್ಕೆ ಬೇರೆಯದೇ ದಂಡವಿದೆ. ಗಾಳಿ-ಪೆಟ್ರೋಲಿನ ಮಿಶ್ರಣ ಮೊದಲು ಬರುವುದು ಕ್ರ್ಯಾಂಕಿನ ಗೂಡಿಗೆ. ಪಿಸ್ಟನ್ ಕೆಳಗಿಳಿದು ಅಲ್ಲಿ ಒತ್ತಿದ ಮೇಲೆ ಅದು ಮೇಲೇರುತ್ತದೆ. ಗೂಡಿನಲ್ಲಿ ಖಾಲಿ ಜಾಗ ಹೆಚ್ಚಿದಷ್ಟೂ ಈ ಒತ್ತು ಸಡಿಲ. ದುಂಡು ಬಿಲ್ಲೆಗಳು ಆ ಜಾಗವನ್ನು ತುಂಬಿರುವುದೂ ಒಂದು ಉಪಕಾರವೇ. ತೂತು ಕೊರೆದರೆ ತೂಕವೇನೋ ಇಳಿಯಿತು, ಮಿಶ್ರಣವನ್ನು ಮೇಲೆ ತಳ್ಳುವ ಬಲವೂ ಇಳಿಯಿತು. ಬಲ್ಲವರು ಕೊರೆದ ತೂತಿಗೆ ಹಗುರ ಲೋಹದ ಬಿರಡೆ ಹಾಕುತ್ತಾರೆ. ಆ ಬಿರಡೆ ಸಡಿಲವಾಗಿ ಉದುರಿದರೆ ಎಂಜಿನ್ನಿನ ಗತಿ ಹೇಳಬೇಕಾಗಿಲ್ಲ.

ತೂಕ ಬದಲಿಸದೆಯೂ ಇದೇ ಪರಿಣಾಮವನ್ನು ಪಡೆಯುವ ಒಂದು ಅಗ್ಗದ ದಾರಿ ಇದೆ. ಗೇರಿನ ಲೆಕ್ಕವನ್ನು ಕೇಳುಗರು ನೆನಪಿಗೆ ತಂದುಕೊಳ್ಳಬೇಕು. ಹಿಂದಿನ ಚಕ್ರದ ಹಲ್ಲುಚಕ್ರವನ್ನು ನೂರಕ್ಕೆ ಹತ್ತರಷ್ಟು ಹಲ್ಲು ಹೆಚ್ಚಿರುವುದಕ್ಕೆ ಬದಲಿಸಿದರೆ, ಫ್ಲೈವೀಲಿನ ಪರಿಣಾಮ ಎಲ್ಲ ಗೇರಿನಲ್ಲೂ ನೂರಕ್ಕೆ 21ರಷ್ಟು ಹೆಚ್ಚುತ್ತದೆ. ನಿಧಾನವಾಗಿ ಹೋಗುವಾಗ ಎಂಜಿನ್ ಆಫ್ ಆಗುವ ಕಾಟ ಇದರಿಂದಲೇ ಬಹುಪಾಲು ತಪ್ಪುತ್ತದೆ. ಗರಿಷ್ಠ ವೇಗ ಇಳಿಯುತ್ತದೆ ನಿಜ. ಮಣ್ಣಿನ ಹಾದಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಹಾಗೆಯೇ ಸವಾರರ ಎಡಗೈಯನ್ನು ಮರೆಯುವಂತಿಲ್ಲ. ಹಾಫ್ ಕ್ಲಚ್ಚಿನಲ್ಲಿ ಹಿಡಿದು ಸುತ್ತು ಏರಿಸಿ, ಕಲ್ಲಿನ ಬುಡಕ್ಕೆ ಬಂದಾಗ ಬಿಡುವುದು ಹಳೆಯ ವಿದ್ಯೆ. ಆಗ ಬೈಕನ್ನು ಎತ್ತುವುದು ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿಯೇ. ಮೊದಲ ಉದಾಹರಣೆಯ ಬೈಕಿನ ಸುತ್ತು 6,000ದಿಂದ 3,000ಕ್ಕೆ ಇಳಿದರೆ, ಕ್ಲಚ್ಚಿನಲ್ಲಿ ಅರ್ಧ ನಷ್ಟವಾದರೂ, ಬೈಕನ್ನೂ ಸವಾರರನ್ನೂ 20 ಸೆಂಟಿಮೀಟರ್ ಎತ್ತಲು ಬೇಕಾದಷ್ಟು ಶಕ್ತಿ ಸಿಗುತ್ತದೆ. ಎಂಜಿನ್ ಆ ಕ್ಷಣದಲ್ಲಿ ದುಡಿದದ್ದು ಇದಕ್ಕೆ ಮೇಲೆ. ಕ್ಲಚ್ಚನ್ನು ಹೀಗೆ ನುಡಿಸಬಲ್ಲ ಕೈಗೆ ಹಗುರ ಫ್ಲೈವೀಲಿನಿಂದ ತೊಂದರೆಯಿಲ್ಲ. ಕಲಿಯುತ್ತಿರುವ ಕೈಗೆ ಭಾರದ್ದೇ ಗುರು. ಕೋಲಾರ ಜಿಲ್ಲೆಯಲ್ಲಿ ಡಾಕರ್ ರ್‍ಯಾಲಿಯ ಸವಾರ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕಿನಂಥ, ಸವಾರಿಗೆಂದೇ ಮೀಸಲಾದ ಜಾಗದಲ್ಲಿ ಇದನ್ನು ಅಭ್ಯಾಸ ಮಾಡಬಹುದು. ವರ್ತೂರಿನ ಕಡೆಯವರಿಗೆ ಅದೇನೂ ದೂರದ ಊರಲ್ಲ.

ಇನ್ನು ತೀರ್ಮಾನ. ಮಳೆಗಾಲದ ಕೆಂಪು ಲೋಳೆ, ಬೇಸಿಗೆಯ ನೊರಜು, ಟಿಪ್ಪರಿನ ಗಾಲಿಜಾಡು ಇರುವ ಬೆಂಗಳೂರಿನ ಮೂಡಣ ಹಾದಿಗಳಿಗೆ, ನೂರು ಸಿಸಿಯ ಹಳೆಯ ಟು-ಸ್ಟ್ರೋಕ್ ಬೈಕಿನ ಮ್ಯಾಗ್ನೆಟ್ಟನ್ನು ಹಗುರ ಮಾಡಿಸುವುದು ದಂಡ. ಮೊದಲು ಹಲ್ಲುಚಕ್ರ ಬದಲಿಸಿ ನೋಡಬೇಕು. ಸಾಲದಿದ್ದರೆ 150 ಗ್ರಾಮಿನ ಆಸುಪಾಸಿನ ಬಳೆ ಸಾಕು, ಅರ್ಧ ಕಿಲೋದ ಬಳೆ ಸಣ್ಣ ಎಂಜಿನ್ನಿಗೆ ಹೊರೆ. ಯೆಜ್ಡಿಯವರು ಏನನ್ನೂ ಸೇರಿಸಬೇಕಾಗಿಲ್ಲ, ಮೈಸೂರಿನವರು ಆಗಲೇ ಬೇಕಾದಷ್ಟು ಕೊಟ್ಟಿದ್ದಾರೆ.

ಬಳೆ ಹಾಕಿಸುವ ಕೇಳುಗರು ಕೆಲವು ಕೆಲಸಗಳನ್ನು ತಪ್ಪದೆ ಮಾಡಬೇಕು. ಮ್ಯಾಗ್ನೆಟ್ಟನ್ನು ಸುತ್ತಿಗೆಯಿಂದ ಬಡಿಯದೆ, ಪುಲ್ಲರ್ ಹಾಕಿಯೇ ತೆಗೆಸಿ. ಕ್ರ್ಯಾಂಕಿನ ತುದಿಯ ಓರೆ ಮೈಯಲ್ಲಿ ಆಯಿಲ್ ಜಿಡ್ಡು ಉಳಿಯದಂತೆ ಒರೆಸಿಸಿ. ಅಲ್ಲಿ ಅರ್ಧಚಂದ್ರಾಕಾರದ ಒಂದು ಚಿಕ್ಕ ಕೀ ಇರುತ್ತದೆ. ಅದು ಹೊಸದಿರಲಿ. ನಟ್ಟನ್ನು ಕಂಪನಿ ಹೇಳಿದಷ್ಟು ಬಲಕ್ಕೆ, ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಮೊದಲ ಸವಾರಿ ಮುಗಿಸಿ ಬಂದು, ಎಂಜಿನ್ ತಣ್ಣಗಾದ ಮೇಲೆ ಕವರ್ ತೆಗೆದು ಆ ನಟ್ಟನ್ನು ಇನ್ನೊಮ್ಮೆ ನೋಡಿ. ನಟ್ಟು ಸಡಿಲವಾಗಿ ಆ ಕೀ ತುಂಡಾದರೆ ಕಿಡಿಯ ಸಮಯ ತಪ್ಪುತ್ತದೆ, ಬೈಕನ್ನು ತಳ್ಳಿಕೊಂಡೇ ಮನೆಗೆ ಬರಬೇಕಾಗುತ್ತದೆ.